ಇಲ್ಲಿ ಕನ್ನಡದವರು ಯಾರಾದರೂ ಇದ್ದೀರಾ?

ಆಗಸ್ಟ್ ತಿಂಗಳ ಒಂದು ಶುಕ್ರವಾರ. ಸೌದಿ ಅರೇಬಿಯಾದ ಅಲ್ ಕಸೀಮ್ ಪ್ರಾಂತ್ಯದ ಉನೈಜಾದಲ್ಲಿ ಅದು ಖರ್ಜೂರದ ಸುಗ್ಗಿಯ ಕಾಲ. ನಸುಕಿಗೇ ಪಿಕಪ್ ಗಾಡಿಗಳು ಸುಕ್ಕರಿ ಖರ್ಜೂರದ ಪೆಟ್ಟಿಗೆ ಹೇರಿಕೊಂಡು ಮಾರುಕಟ್ಟೆಯಲ್ಲಿ ಸಾಲುಗಟ್ಟುತ್ತವೆ, ಬಿಸಿಲೇರುವ ಮೊದಲೇ ಹರಾಜು ಮುಗಿಯುತ್ತದೆ. ಜುಮಾ ನಮಾಜಿನ ನಂತರ ಬೀದಿಯಲ್ಲಿ ನರಪಿಳ್ಳೆಯೂ ಕಾಣುವುದಿಲ್ಲ. ಊರೆಲ್ಲ ಬಾಗಿಲು ಹಾಕಿಕೊಂಡ ಆ ಹೊತ್ತಿನಲ್ಲಿ, ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ಮೂವರು ಕನ್ನಡಿಗರು ಊಟಕ್ಕೆ ಕುಳಿತಿದ್ದರು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಊರಿನಿಂದ ಬಂದ ಮಿಡಿ ಉಪ್ಪಿನಕಾಯಿ.

ಮನೆಯವರು ಪುತ್ತೂರು ಕಡೆಯ ಗಂಡ ಹೆಂಡತಿ. ಗಂಡ ಖರ್ಜೂರ ಪ್ಯಾಕಿಂಗ್ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್, ಸೌದಿಗೆ ಬಂದು ಇಪ್ಪತ್ತೇಳು ವರ್ಷ. ಆಕೆ ನರ್ಸ್. ಮೂರನೆಯವನು ದಾವಣಗೆರೆ ಕಡೆಯ ಇಪ್ಪತ್ತಾರರ ಹುಡುಗ, ಎಸಿ ಮೆಕ್ಯಾನಿಕ್, ಬಂದು ಐದು ತಿಂಗಳು. ದಾವಣಗೆರೆಗೂ ಪುತ್ತೂರಿಗೂ ನಡುವೆ ಇಡೀ ಘಟ್ಟ ಅಡ್ಡ ನಿಂತಿದೆ. ಆಡುವ ಕನ್ನಡವೇ ಬೇರೆ ಬೇರೆ. ಊರಲ್ಲೇ ಇದ್ದಿದ್ದರೆ ಈ ಮೂವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನೋಡುವಂತೆ ಮಾಡಿದ್ದು ಫೇಸ್‌ಬುಕ್.

“ಬಂದು ಮೂರನೇ ವಾರ ಅಣ್ಣಾ,” ಹುಡುಗ ನೆನಪಿಸಿಕೊಂಡ. “ರೂಮಲ್ಲಿ ಆರು ಜನ. ಒಬ್ಬರಿಗೂ ಕನ್ನಡ ಬರಲ್ಲ. ನನಗೆ ಹಿಂದಿ ಅರ್ಧಂಬರ್ಧ, ಅರಬ್ಬಿ ಸೊನ್ನೆ. ಎರಡು ದಿನದಿಂದ ಜ್ವರ ಬಿಟ್ಟಿರಲಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ಕನ್ನಡದವರ ಗ್ರೂಪಿನಲ್ಲಿ ಒಂದೇ ಸಾಲು ಹಾಕಿದೆ: ಉನೈಜಾದಲ್ಲಿ ಕನ್ನಡದವರು ಯಾರಾದರೂ ಇದ್ದೀರಾ?”

“ಹನ್ನೊಂದು ಹತ್ತಕ್ಕೆ ನಾನು ನೋಡಿದೆ,” ಎಂದರು ಹಿರಿಯರು. “ಇವಳು ನೈಟ್ ಡ್ಯೂಟಿಗೆ ಹೊರಟಿದ್ದಳು. ಇಬ್ಬರೂ ಒಟ್ಟಿಗೇ ಬಂದೆವು, ಫ್ಲಾಸ್ಕಿನಲ್ಲಿ ಗಂಜಿ ಹಿಡಿದುಕೊಂಡು. ನಿನ್ನ ರೂಮಿನವರು ಪೊಲೀಸರು ಬಂದರೋ ಏನೋ ಅಂತ ಹೆದರಿಬಿಟ್ಟಿದ್ದರು.”

ಆ ಗಂಜಿಯನ್ನು ಹುಡುಗ ಇನ್ನೂ ಮರೆತಿಲ್ಲ. ಅಂದಿನಿಂದ ತಿಂಗಳಿಗೆ ಎರಡು ಶುಕ್ರವಾರ ಅವನ ಊಟ ಇಲ್ಲಿಯೇ. ಅವನಿಗೆ ಇವರು ಅಣ್ಣ, ಅಕ್ಕ.

“ಈಗಿನವರಿಗೆ ಇದರ ಬೆಲೆ ಗೊತ್ತಿಲ್ಲ ಅಂತ ನಾನು ಹೇಳುವುದಿಲ್ಲ,” ಅಣ್ಣ ಸಾರು ಬಡಿಸಿಕೊಳ್ಳುತ್ತ ಮಾತು ತೆಗೆದರು. “ಆದರೆ ನನ್ನ ದೊಡ್ಡಪ್ಪನ ಮಗ ಎಂಬತ್ತರ ದಶಕದಲ್ಲಿ ಇಲ್ಲಿದ್ದವನು. ಅವನು ಮನೆಗೆ ಕ್ಯಾಸೆಟ್ ಕಳಿಸುತ್ತಿದ್ದ. ಟೇಪ್ ರೆಕಾರ್ಡರ್ ಎದುರು ಕೂತು ಒಂದು ಗಂಟೆ ಮಾತಾಡುವುದು, ಊರಿಗೆ ಹೋಗುವವರ ಕೈಯಲ್ಲಿ ಕೊಡುವುದು. ನಾವೆಲ್ಲ ಚಾವಡಿಯಲ್ಲಿ ಕೂತು ಕೇಳುವುದು. ನಾವು ನಗುವುದು ಅವನಿಗೆ ಕೇಳುತ್ತಿರಲಿಲ್ಲ, ಅವನು ಅಳುವುದು ಮಾತ್ರ ನಮಗೆ ಕೇಳುತ್ತಿತ್ತು. ನಾನು ಬರುವ ಹೊತ್ತಿಗೆ ಫೋನ್ ಬೂತು ಬಂದಿತ್ತು, ಆದರೆ ನಿಮಿಷಕ್ಕೆ ಅಷ್ಟು ದುಡ್ಡು ಕೊಟ್ಟು ಎಂತ ಮಾತಾಡುವುದು ಮಾರಾಯ? ಹೇಗಿದ್ದೀರಿ, ಮಳೆ ಬಂತಾ, ಇಡ್ತೇನೆ. ಅಷ್ಟೆ. ಇಂಟರ್ನೆಟ್ ಕರೆಗೆ ಇಲ್ಲಿದ್ದ ನಿರ್ಬಂಧ ಹೋದದ್ದೇ 2017ರ ಸೆಪ್ಟೆಂಬರಿನಲ್ಲಿ.”

ಇದು ಹಳಬರ ಹಳಹಳಿಕೆಯಲ್ಲ. ಬೆನ್ಯಾಮಿನ್ ಅವರ 2008ರ ಮಲಯಾಳಂ ಕಾದಂಬರಿ ‘ಆಡುಜೀವಿತಂ’ ಇದೇ ಸೌದಿಯ ಮರಳುಗಾಡಿನಲ್ಲಿ ಆಡು ಕಾಯುತ್ತ ಸಿಕ್ಕಿಬಿದ್ದ ಕೇರಳದ ಕಾರ್ಮಿಕನೊಬ್ಬನ ನಿಜಜೀವನದಿಂದ ಹುಟ್ಟಿದ್ದು. ಆ ಮನುಷ್ಯನ ದೊಡ್ಡ ಕಷ್ಟ ಹಸಿವೂ ಅಲ್ಲ, ಬಿಸಿಲೂ ಅಲ್ಲ. ತಾನು ಎಲ್ಲಿದ್ದೇನೆ ಎಂದು ಒಬ್ಬರಿಗೂ ಹೇಳಲಾಗದ್ದು. ಇವತ್ತು ಅಂಥವನ ಕೈಗೆ ಒಂದು ಫೋನು, ಕೊಂಚ ಸಿಗ್ನಲ್ಲು ಸಿಕ್ಕರೆ ಕಥೆ ಬೇರೆಯಾಗುತ್ತದೆ. ಗಲ್ಫಿನಲ್ಲಿ ದುಡಿಯುವವರ ಮಟ್ಟಿಗೆ ಆನ್‌ಲೈನ್ ಗೆಳೆತನ ಬಿಡುವಿನ ಹೊತ್ತಿನ ಶೋಕಿಯಲ್ಲ, ಬಾವಿಗೆ ಬಿದ್ದವನ ಕೈಗೆ ಸಿಗುವ ಹಗ್ಗ.

ಅಕ್ಕನ ಅನುಭವವೂ ಅದೇ. “ನನಗೆ ಈಗಿರುವ ಕೆಲಸ ಸಿಕ್ಕಿದ್ದು ಆರ್ಕುಟ್‌ನಿಂದ. ನೀನು ಆರ್ಕುಟ್ ನೋಡಿದ್ದೀಯೋ ಇಲ್ಲವೋ. 2014ರ ಸೆಪ್ಟೆಂಬರಿನಲ್ಲಿ ಮುಚ್ಚಿದರು. ಅದರಲ್ಲಿ ಮಂಗಳೂರಿನ ನಮ್ಮ ನರ್ಸಿಂಗ್ ಬ್ಯಾಚಿನವಳೊಬ್ಬಳು ಸಿಕ್ಕಿದಳು. ಕಾಲೇಜಿನಲ್ಲಿ ನಾವು ಆಪ್ತರೇನೂ ಆಗಿರಲಿಲ್ಲ, ಹಾಯ್ ಅಂದರೆ ಹಾಯ್. ಅವಳೇ ಬರೆದಳು, ಕಸೀಮ್ ಕಡೆ ಆಸ್ಪತ್ರೆಗೆ ಜನ ಬೇಕಂತೆ ಅಂತ. ಆಪ್ತ ಗೆಳತಿಯರೆಲ್ಲ ಪಾಪ, ನನ್ನಷ್ಟೇ ತಿಳಿದವರು.”

ಅಕ್ಕ ಹೇಳಿದ್ದಕ್ಕೆ ಸಮಾಜಶಾಸ್ತ್ರದಲ್ಲಿ ದೊಡ್ಡ ಆಧಾರವಿದೆ. ಅಮೆರಿಕದ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಪ್ರಸಿದ್ಧ ಲೇಖನದ ಸಾರವೇ ಇದು. ಪರಿಚಯದವರ ಮೂಲಕ ಕೆಲಸ ಹಿಡಿದವರಲ್ಲಿ ಹೆಚ್ಚಿನವರಿಗೆ ಸುಳಿವು ಕೊಟ್ಟವರು ಆಪ್ತರಲ್ಲ, ಆಗೀಗ ಕಾಣುವ ದೂರದ ಪರಿಚಯಸ್ಥರು. ನಮಗೆ ತಿಳಿದದ್ದೇ ಆಪ್ತರಿಗೂ ತಿಳಿದಿರುತ್ತದೆ, ದೂರದವರು ಬೇರೆ ಲೋಕದ ಸುದ್ದಿ ತರುತ್ತಾರೆ. ಜಾಲತಾಣಗಳು ಆ ದೂರದ ಪರಿಚಯಗಳನ್ನು ಸಾಯಲು ಬಿಡದೆ ಇಟ್ಟುಕೊಳ್ಳುತ್ತವೆ.

ಊಟ ಮುಗಿಯಿತು. ಸುಲೈಮಾನಿ ಚಹಾ ಬಂತು. ಹುಡುಗನ ಫೋನು ಆ ಅರ್ಧ ಗಂಟೆಯಲ್ಲಿ ಏಳೆಂಟು ಸಲ ಮಿಣುಕಿತ್ತು. ಪ್ರತಿ ಸಲವೂ ಅವನು ಅದನ್ನು ತಿರುಗಿಸಿ ಮಗುಚಿ ಇಡುತ್ತಿದ್ದ.

“ಯಾರದು?” ಅಕ್ಕ ನೇರವಾಗಿ ಕೇಳಿದರು.

“ಫ್ರೆಂಡು ಅಕ್ಕಾ.”

“ಎಲ್ಲಿಯವಳು?”

ಅವನು ನಕ್ಕ, ಆಮೇಲೆ ನಗು ನಿಲ್ಲಿಸಿದ. ಮೈಸೂರಿನವಳಂತೆ, ದುಬೈಯಲ್ಲಿ ಕೆಲಸವಂತೆ. ಫೇಸ್‌ಬುಕ್‌ನಲ್ಲಿ ಅವಳೇ ರಿಕ್ವೆಸ್ಟ್ ಕಳಿಸಿದ್ದು. ಹನ್ನೊಂದು ಮ್ಯೂಚುವಲ್ ಫ್ರೆಂಡ್ಸ್ ಇದ್ದರು, ಅದಕ್ಕೇ ಒಪ್ಪಿಕೊಂಡ. ಎರಡು ತಿಂಗಳಿಂದ ಬೆಳಗ್ಗೆ ‘ತಿಂಡಿ ಆಯ್ತಾ’, ರಾತ್ರಿ ‘ಮಲಗಿದ್ರಾ’. ವಿಡಿಯೋ ಕರೆ ಮಾತ್ರ ಒಮ್ಮೆಯೂ ಇಲ್ಲ. ಕ್ಯಾಮೆರಾ ಸರಿ ಇಲ್ಲವಂತೆ.

“ದುಡ್ಡು ಕೇಳಿದಳಾ?”

“ಕೇಳಿಲ್ಲ ಅಕ್ಕಾ! ಅವಳೇ ನನಗೆ ದುಡ್ಡು ಮಾಡೋದು ಹೇಳಿಕೊಟ್ಟಿದ್ದು.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಹುಡುಗ ಫೋನನ್ನು ಮೇಜಿನ ಮೇಲೆ ಇಟ್ಟ. ಪರದೆಯ ಮೇಲೆ ಹಸಿರು ಗೆರೆಯೊಂದು ಮೇಲೇರುತ್ತಿದ್ದ ಟ್ರೇಡಿಂಗ್ ಆಪ್. ಮೊದಲು 8,000 ರೂಪಾಯಿ ಹಾಕಿಸಿದ್ದಳು. ವಾರದಲ್ಲಿ ಅದು 9,600 ಆಯಿತು, 1,600 ವಾಪಸ್ ಖಾತೆಗೂ ಬಂತು. ನಂಬಿಕೆ ಕುದುರಿದ್ದು ಅಲ್ಲಿಯೇ. ಆಮೇಲೆ ಊರಿನಲ್ಲಿರುವ ತಮ್ಮನ ಕೈಯಲ್ಲಿ 40,000 ಹಾಕಿಸಿದ. ಈಗ ಆಪ್‌ನಲ್ಲಿ 1,12,000 ಕಾಣುತ್ತಿದೆ. ತೆಗೆಯಲು ಹೋದರೆ ‘ತೆರಿಗೆ’ ಅಂತ 25,000 ಕಟ್ಟಬೇಕಂತೆ, ಇವತ್ತು ರಾತ್ರಿಯೊಳಗೆ.

ಅಕ್ಕ ಬೈಯಲಿಲ್ಲ. ಇದು ಮುಖ್ಯವಾದ ಮಾತು. ಮೋಸ ಹೋದವನನ್ನು ಆ ಕ್ಷಣದಲ್ಲಿ ಬೈದರೆ ಅವನು ಬಾಯಿ ಮುಚ್ಚಿಕೊಂಡು ಉಳಿದ 25,000ವನ್ನೂ ಕಟ್ಟಿಬಿಡುತ್ತಾನೆ. ಅವರು ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತರು. ಹುಡುಗಿಯ ಪ್ರೊಫೈಲ್ ತೆರೆದರು. ಖಾತೆ ತೆರೆದು ನಾಲ್ಕು ತಿಂಗಳು. ಫೋಟೋ ಆರು, ಎಲ್ಲ ಒಂದೇ ದಿನ ಹಾಕಿದ್ದು. ಯಾವ ಫೋಟೋಕ್ಕೂ ಅತ್ತೆಯದೋ ಚಿಕ್ಕಪ್ಪನದೋ ಒಂದು ಕಾಮೆಂಟಿಲ್ಲ. ಮೈಸೂರಿನ ಹುಡುಗಿಯ ಗೋಡೆಯ ಮೇಲೆ ಮನೆಯವರು ಒಬ್ಬರೂ ಇಲ್ಲವೇ? ಆ ಹನ್ನೊಂದು ಮ್ಯೂಚುವಲ್ ಫ್ರೆಂಡ್ಸ್ ಯಾರು ಎಂದು ಒಬ್ಬೊಬ್ಬರನ್ನೇ ಒತ್ತಿದರು. ಎಲ್ಲರೂ ಅದೇ ಕನ್ನಡ ಗ್ರೂಪಿನ ಗಂಡುಹುಡುಗರು, ಎಲ್ಲರೂ ಗಲ್ಫಿನಲ್ಲಿ ಒಂಟಿಯಾಗಿ ಇರುವವರು.

“ನಿನ್ನ ಒಂದು ಸಾಲು ನೋಡಿ ನಾವು ಗಂಜಿ ತಂದೆವು,” ಅಕ್ಕ ಮೆಲ್ಲಗೆ ಹೇಳಿದರು. “ಅದೇ ಸಾಲನ್ನು ಇವರೂ ನೋಡಿದ್ದಾರೆ.”

ಹುಡುಗ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ದುಡ್ಡಿನ ವಿಷಯವಲ್ಲ. “ಹಂಗಾದ್ರೆ ಆ ಕಡೆ ಕೂತು ಬರೀತಿರೋದು ಯಾರು ಅಣ್ಣಾ?”

ಅಣ್ಣನಿಗೆ ಇದು ಗೊತ್ತಿತ್ತು. ಮ್ಯಾನ್ಮಾರ್, ಕಾಂಬೋಡಿಯಾಗಳ ಗಡಿಪ್ರದೇಶಗಳಲ್ಲಿ ಇಂಥ ಮೋಸಕ್ಕೆಂದೇ ಗೋಡೆ ಕಟ್ಟಿಕೊಂಡ ಕೇಂದ್ರಗಳಿವೆ. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಜನ, ಕಾಂಬೋಡಿಯಾದಲ್ಲಿ 1,00,000 ಜನ ಇಂಥ ಕೆಲಸಕ್ಕೆ ಸಿಕ್ಕಿಬಿದ್ದಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಹೇಳಿತ್ತು. 2025ರ ಮಾರ್ಚಿನಲ್ಲಿ ಭಾರತ ಸರ್ಕಾರ ಎರಡು ವಾಯುಪಡೆ ವಿಮಾನಗಳಲ್ಲಿ ಮ್ಯಾನ್ಮಾರ್ ಗಡಿಯ ಕೇಂದ್ರಗಳಲ್ಲಿದ್ದ 549 ಭಾರತೀಯರನ್ನು ಬಿಡಿಸಿ ತಂದಿತು. ಥಾಯ್ಲೆಂಡಿನಲ್ಲಿ ಒಳ್ಳೆಯ ಕೆಲಸ ಎಂಬ ಆಸೆ ತೋರಿಸಿ ಕರೆದೊಯ್ದು ಗಡಿ ದಾಟಿಸಿದ ಹುಡುಗರು ಇವರಲ್ಲಿ ಬಹಳ. ಅಂದರೆ ‘ತಿಂಡಿ ಆಯ್ತಾ’ ಎಂದು ಕೇಳುವ ಬೆರಳುಗಳು ಕೂಡ ಇಂಥದೇ ಒಂದು ಸುಳ್ಳು ಗೆಳೆತನಕ್ಕೆ ಬಲಿಯಾದ ಯಾರದೋ ಮನೆಯ ಮಗನದ್ದಾಗಿರಬಹುದು.

“ತಮ್ಮನಿಗೆ ಫೋನ್ ಮಾಡು, ಈಗಲೇ,” ಅಣ್ಣ ಹೇಳಿದರು. “ದುಡ್ಡು ಹೋದದ್ದು ಅವನ ಖಾತೆಯಿಂದಲ್ಲವಾ? ಅವನು 1930ಕ್ಕೆ ಕರೆ ಮಾಡಲಿ. ಎಷ್ಟು ಬೇಗ ಹೇಳುತ್ತೇವೋ, ಆ ದುಡ್ಡು ಮುಂದಿನ ಖಾತೆಗೆ ಹಾರುವ ಮೊದಲು ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.”

ಕರೆ ಹೋಯಿತು. ಹುಡುಗನಿಗೂ ಅವನ ತಮ್ಮನಿಗೂ ನಡುವೆ ಸ್ವಲ್ಪ ಜಗಳವಾಯಿತು, ಸ್ವಲ್ಪ ಅಳುವೂ ಆಯಿತು. ಅರ್ಧ ಗಂಟೆಯಲ್ಲಿ ದೂರಿನ ಸಂಖ್ಯೆ ಬಂತು.

ಅಕ್ಕ ಅಷ್ಟಕ್ಕೇ ಬಿಡಲಿಲ್ಲ. “ಇಲ್ಲಿಯ ನಿನ್ನ ನಂಬರು, ವಾಸದ ಪರವಾನಗಿ ಇಕಾಮ ಏನಾದರೂ ಕೊಟ್ಟಿದ್ದೀಯಾ? ಸರ್ಕಾರಿ ಗುರುತಿನ ನಫಾತ್ ಆಪ್‌ನಲ್ಲಿ ಎರಡಂಕಿ ಬರುತ್ತದಲ್ಲ, ಯಾರಾದರೂ ಇಂಥ ನಂಬರು ಒತ್ತು ಅಂದರೆ ಒತ್ತಬೇಡ. ಅದು ಸಹಿ ಹಾಕಿದ ಹಾಗೆ. ಗೆಳೆಯನಿಗೆ ಅಂತ ನಿನ್ನ ಹೆಸರಲ್ಲಿ ಸಿಮ್ ತೆಗೆಸಿಕೊಡಬೇಡ. 2016ರಿಂದ ಇಲ್ಲಿ ಸಿಮ್ಮಿಗೆ ಬೆರಳಚ್ಚು ಕೊಡಬೇಕು. ಆ ಸಿಮ್ಮಿನಿಂದ ಏನು ನಡೆದರೂ ಮೊದಲು ಹುಡುಕಿಕೊಂಡು ಬರುವುದು ನಿನ್ನನ್ನೇ.”

ದುಡ್ಡು ಹೋದರೆ ದುಡಿಯಬಹುದು. ಹೆಸರು ಹೋದರೆ? ಅಣ್ಣ ಹೇಳಲು ಕಾದಿದ್ದ ಮಾತು ಅದು.

“ನಿನ್ನದೇ ಕೆಲಸದವರು, ಎಸಿ ಟೆಕ್ನಿಷಿಯನ್. ಉಡುಪಿ ಜಿಲ್ಲೆಯವರು, ದಮ್ಮಾಮಿನಲ್ಲಿದ್ದರು. 2019ರ ಡಿಸೆಂಬರ್. ಊರಿನಲ್ಲಿ ಪೌರತ್ವ ಕಾಯ್ದೆಯ ಗಲಾಟೆ. ಅವರು ಫೇಸ್‌ಬುಕ್‌ನಲ್ಲಿ ಎಂತದೋ ಹಾಕಿದರು, ಅದಕ್ಕೆ ಕೆಲಸ ಹೋಯಿತು. ತಪ್ಪಾಯಿತು ಅಂತ ವಿಡಿಯೋ ಮಾಡಿ ಕ್ಷಮೆ ಕೇಳಿದರು, ಖಾತೆಯನ್ನೂ ತೆಗೆದುಹಾಕಿದರು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.”

ಅವರ ಹೆಸರು, ಅವರ ಫೋಟೋ ಇಟ್ಟು ಯಾರೋ ಹೊಸ ಖಾತೆ ತೆರೆದರು. ಅದರಲ್ಲಿ ಮಕ್ಕಾದ ಬಗ್ಗೆ, ಸೌದಿ ಯುವರಾಜರ ಬಗ್ಗೆ ಅವಹೇಳನ ಬರೆದರು. ಪೊಲೀಸರು ಬಂದು ಕರೆದೊಯ್ದರು. ಊರಿನಲ್ಲಿ ಹೆಂಡತಿ ಉಡುಪಿಯ ಸೈಬರ್ ಪೊಲೀಸರಿಗೆ ದೂರು ಕೊಟ್ಟರು. ಉಡುಪಿಯ ಮಾನವ ಹಕ್ಕುಗಳ ಹೋರಾಟಗಾರ ಡಾ. ರವೀಂದ್ರನಾಥ ಶಾನುಭಾಗರು ಬೆನ್ನಿಗೆ ನಿಂತರು. ಪೊಲೀಸರು ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಸೌದಿಯಲ್ಲಲ್ಲ, ದಕ್ಷಿಣ ಕನ್ನಡದ ಮೂಡುಬಿದಿರೆಯಲ್ಲಿ. 2020ರ ಅಕ್ಟೋಬರಿನಲ್ಲಿ ಅಲ್ಲಿಯ ಇಬ್ಬರು ಸಹೋದರರನ್ನು ಬಂಧಿಸಿ, ನಕಲಿ ಖಾತೆ ತೆರೆದ ಆರೋಪ ಹೊರಿಸಿದರು. ಆ ದಾಖಲೆಗಳೆಲ್ಲ ಅರಬ್ಬಿಗೆ ಅನುವಾದವಾಗಿ, ರಾಯಭಾರ ಕಚೇರಿ ದಾಟಿ, ಸೌದಿ ಅಧಿಕಾರಿಗಳ ಮೇಜು ತಲುಪಿ, ಅವರು ಬಿಡುಗಡೆಯಾಗಿ ಬೆಂಗಳೂರಿನಲ್ಲಿ ಇಳಿದದ್ದು 2021ರ ಆಗಸ್ಟಿನಲ್ಲಿ. ತಾನು ಬರೆಯದ ಮಾತಿಗೆ ಇಪ್ಪತ್ತು ತಿಂಗಳು ಸೆರೆವಾಸ.

“ಮಂಗಳೂರಿನ ಇನ್ನೊಬ್ಬರದ್ದು ಇದಕ್ಕಿಂತ ಕಷ್ಟ,” ಅಣ್ಣನ ದನಿ ತಗ್ಗಿತು. “ಇಪ್ಪತ್ತೈದು ವರ್ಷ ಸೌದಿಯಲ್ಲಿ ದುಡಿದವರು. ಅವರ ಹೆಸರಿನಲ್ಲೂ ಹೀಗೆಯೇ ನಕಲಿ ಖಾತೆ. ಇಲ್ಲಿಯ ಕೋರ್ಟು ಹದಿನೈದು ವರ್ಷ ಶಿಕ್ಷೆ ಕೊಟ್ಟಿತು.”

ಅವರ ಹೆಂಡತಿ ಕರ್ನಾಟಕ ಹೈಕೋರ್ಟಿಗೆ ಹೋದರು. ತನಿಖೆಗೆ ಫೇಸ್‌ಬುಕ್ ಕಂಪನಿ ಮಾಹಿತಿ ಕೊಡುತ್ತಿಲ್ಲ ಎಂದು ಪೊಲೀಸರು ಹೇಳಿದಾಗ, ಭಾರತದಲ್ಲಿ ಅದರ ಚಟುವಟಿಕೆಯನ್ನೇ ಮುಚ್ಚಿಸುವ ಆದೇಶ ಕೊಡಬೇಕಾದೀತು ಎಂದು 2023ರ ಜೂನ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಎಚ್ಚರಿಸಿತು. ದೂರು ಕೊಟ್ಟು ವರ್ಷಗಳೇ ಕಳೆದ ಮೇಲೆ ಬಂದ ಎಚ್ಚರಿಕೆ ಅದು. ಒಂದು ಖಾತೆ ತೆರೆಯಲು ಐದು ನಿಮಿಷ ಸಾಕು. ಅದು ಸುಳ್ಳೆಂದು ಸಾಬೀತು ಮಾಡಲು ವರ್ಷಗಳು ಬೇಕು. ಈ ಅನ್ಯಾಯಕ್ಕೆ ಉತ್ತರ ಹೇಳಬೇಕಾದವರು ಖಾತೆ ತೆರೆದವರು ಮಾತ್ರವಲ್ಲ, ತೆರೆಯಲು ಬಿಟ್ಟವರು ಕೂಡ.

ಸೌದಿಯ ಸೈಬರ್ ಅಪರಾಧ ತಡೆ ಕಾನೂನು ಬಂದದ್ದು 2007ರಲ್ಲಿ. ಸಾರ್ವಜನಿಕ ಶಾಂತಿಗೆ, ಧಾರ್ಮಿಕ ಮೌಲ್ಯಕ್ಕೆ, ಸಭ್ಯತೆಗೆ, ಖಾಸಗಿತನಕ್ಕೆ ಧಕ್ಕೆ ತರುವಂಥದ್ದನ್ನು ತಯಾರಿಸಿದರೆ, ಕಳಿಸಿದರೆ ಐದು ವರ್ಷದವರೆಗೆ ಜೈಲು, 30 ಲಕ್ಷ ರಿಯಾಲ್‌ವರೆಗೆ ದಂಡ. ನಮ್ಮೂರಿನ ಚಹಾದಂಗಡಿಯಲ್ಲಿ ಆಡಿ ಮರೆಯುವ ಮಾತು ಇಲ್ಲಿ ಮರೆಯುವ ಮಾತಲ್ಲ. ಇಲ್ಲಿಯವರಿಗೂ ವಿನಾಯಿತಿ ಇಲ್ಲ. 2016ರಲ್ಲಿ ರಿಯಾದಿನ ಒಬ್ಬ ಹದಿಹರೆಯದ ಹುಡುಗ, ‘ಅಬು ಸಿನ್’ ಎಂಬ ಅಡ್ಡಹೆಸರಿನವನು, ಯೂನೌ ಎಂಬ ತಾಣದಲ್ಲಿ ಅಮೆರಿಕದ ಯುವತಿಯೊಬ್ಬಳ ಜೊತೆ ಲೈವ್ ವಿಡಿಯೋದಲ್ಲಿ ಹರಟುತ್ತಿದ್ದ. ಅವನಿಗೆ ಇಂಗ್ಲಿಷ್ ಬಾರದು, ಅವಳಿಗೆ ಅರಬ್ಬಿ ಬಾರದು. ಇಬ್ಬರೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ನಗುತ್ತಿದ್ದುದನ್ನು ಲಕ್ಷಾಂತರ ಜನ ನೋಡಿ ತಾವೂ ನಕ್ಕರು. ಸಭ್ಯತೆ ಮೀರಿದನೆಂದು ಪೊಲೀಸರು ಅವನನ್ನು ಬಂಧಿಸಿದರು.

“ಇದನ್ನೆಲ್ಲ ಕೇಳಿದ್ರೆ ಫೋನೇ ಎಸೆದುಬಿಡೋಣ ಅನ್ಸುತ್ತೆ ಅಣ್ಣಾ.”

“ಎಸೆದರೆ ನಾಳೆ ಜ್ವರ ಬಂದಾಗ ಯಾರನ್ನು ಕರೆಯುತ್ತೀ?” ಅಕ್ಕ ಕೇಳಿದರು.

ಅಣ್ಣ ಚಹಾದ ಲೋಟ ಕೆಳಗಿಟ್ಟರು. “ನೋಡು, ರಿಯಾದ್ ಜೈಲಿನಲ್ಲಿ ಕೋಯಿಕ್ಕೋಡಿನ ಒಬ್ಬ ಡ್ರೈವರ್ 2006ರಿಂದ ಇದ್ದ. ಸಾವೊಂದರ ಪ್ರಕರಣದಲ್ಲಿ ಮರಣದಂಡನೆ. ಪರಿಹಾರವಾಗಿ ಒಂದೂವರೆ ಕೋಟಿ ರಿಯಾಲ್ ಕೊಟ್ಟರೆ ಕ್ಷಮಿಸುತ್ತೇವೆ ಅಂತ ಸತ್ತವರ ಮನೆಯವರು ಒಪ್ಪಿದರು. ನಮ್ಮ ಲೆಕ್ಕದಲ್ಲಿ 34 ಕೋಟಿ ರೂಪಾಯಿ! 2024ರ ಏಪ್ರಿಲ್‌ನಲ್ಲಿ ಆ ದುಡ್ಡು ಒಟ್ಟಾಯಿತು. ಅವನ ಮುಖ ನೋಡದವರು ಕೊಟ್ಟದ್ದು. ಇದೇ ವಾಟ್ಸ್ಆಪ್, ಇದೇ ಫೇಸ್‌ಬುಕ್‌ನಲ್ಲಿ ಊರಿಂದೂರಿಗೆ ಸುದ್ದಿ ಹೋಗಿ. ನಾನೂ ಐವತ್ತು ರಿಯಾಲ್ ಹಾಕಿದ್ದೆ.”

“ಅದೇ ವಾಟ್ಸ್ಆಪ್ ಬೀದರಿನಲ್ಲಿ ಎಂತ ಮಾಡಿತು?” ಅಕ್ಕ ಬಿಡಲಿಲ್ಲ.

2018ರ ಜುಲೈ 13. ಔರಾದ್ ಕಡೆಯ ಮುರ್ಕಿ ಎಂಬ ಹಳ್ಳಿ. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪಿನಲ್ಲಿ ಕತಾರ್‌ನವನೊಬ್ಬನಿದ್ದ. ದಾರಿಯಲ್ಲಿ ಕಂಡ ಮಕ್ಕಳಿಗೆ ಅವನು ಪ್ರೀತಿಯಿಂದ ಚಾಕೊಲೇಟ್ ಹಂಚಿದ. ಮಕ್ಕಳ ಕಳ್ಳರು ಎಂದು ಗ್ರೂಪಿನಲ್ಲಿ ವಿಡಿಯೋ ಓಡಿತು, ಕಾರು ಮುಂದಿನ ಹಳ್ಳಿ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಗುಂಪಿನಲ್ಲಿದ್ದ ಹೈದರಾಬಾದಿನ ಯುವ ಎಂಜಿನಿಯರ್ ಜನರ ಹೊಡೆತಕ್ಕೆ ಸತ್ತ. ಅದೇ ತಿಂಗಳು ವಾಟ್ಸ್ಆಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. ಆ ಸಂದೇಶವನ್ನು ಜನ ನಂಬಿದ್ದು ಅದರಲ್ಲಿ ಪುರಾವೆ ಇತ್ತೆಂದಲ್ಲ, ಕಳಿಸಿದವನು ಪರಿಚಿತನೆಂದು.

ಬಿಸಿಲು ಇಳಿದ ಮೇಲೆ ಮೂವರೂ ಮುಸವ್ಕಫ್ ಹಳೆ ಮಾರುಕಟ್ಟೆಯ ಕಡೆ ಹೊರಟರು. ಮಣ್ಣಿನ ಗೋಡೆ, ಮರದ ಬಾಗಿಲು, ಒಳಗೆ ಸಾಲಾಗಿ ಅಂಗಡಿ. ಲೆಬನಾನ್ ಮೂಲದ ಬರಹಗಾರ ಅಮೀನ್ ರಿಹಾನಿ ಸುಮಾರು ನೂರು ವರ್ಷದ ಹಿಂದೆ ಇಲ್ಲಿಗೆ ಬಂದು, ಈ ಊರನ್ನು ನಜ್ದಿನ, ಅಂದರೆ ನಡು ಅರೇಬಿಯಾದ, ಪ್ಯಾರಿಸ್ ಎಂದು ಕರೆದಿದ್ದ. ಅವನಿಗಿಂತ ಮೊದಲು, 1878ರಲ್ಲಿ, ಚಾರ್ಲ್ಸ್ ಡೌಟಿ ಎಂಬ ಇಂಗ್ಲಿಷ್ ಯಾತ್ರಿಕ ಬಂದಿದ್ದ. ತಾನು ಕ್ರೈಸ್ತನೆಂಬುದನ್ನು ಅವನು ಮುಚ್ಚಿಡಲಿಲ್ಲ. ಊರಿನ ಕೆಲವರು ಕೆರಳಿ ಅವನನ್ನು ಹೊರಗಟ್ಟಿದರು. ಆದರೆ ಖೆನೈನಿ, ಬಸ್ಸಾಮ್ ಮನೆತನಗಳ ಇಬ್ಬರು ವರ್ತಕರು ಅವನ ಗೆಳೆತನ ಬಿಡಲಿಲ್ಲ. ಉನೈಜಾದ ವರ್ತಕರಿಗೆ ಬಸ್ರಾ, ಬೊಂಬಾಯಿಗಳ ವ್ಯಾಪಾರದ ನಂಟು ಇತ್ತು, ಹೊರಗಿನವರ ಮುಖ ನೋಡಿ ಅಭ್ಯಾಸವಿತ್ತು. ಹಿಜಾಜಿನ ಕಡೆ ಹೊರಟ ತುಪ್ಪದ ಕಾರವಾನಿನ ಜೊತೆ ಅವನು ಹೊರಡುವವರೆಗೂ ಆ ಆಸರೆ ಉಳಿಯಿತು. ಡೌಟಿ ಇದನ್ನೆಲ್ಲ 1888ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ.

“ಆ ವರ್ತಕರು ಅವನನ್ನು ನಂಬಿದ್ದು ಹೇಗೆ?” ಹುಡುಗ ಕೇಳಿದ.

“ಮನೆಗೆ ಕರೆದು, ಎದುರು ಕೂರಿಸಿಕೊಂಡು ಕಾಫಿ ಕೊಟ್ಟು,” ಎಂದರು ಅಣ್ಣ. “ನಾನು ನಿನ್ನನ್ನು ನಂಬಿದ್ದೂ ಹಾಗೆಯೇ. ಫೇಸ್‌ಬುಕ್‌ನಲ್ಲಿ ನೋಡಿ ಬಂದೆ, ನಿಜ. ಆದರೆ ಒಬ್ಬನೇ ಬರಲಿಲ್ಲ, ಇವಳನ್ನು ಕರೆದುಕೊಂಡು ಬಂದೆ. ನಿನ್ನ ಇಕಾಮ ನೋಡಿದೆ, ಊರಿನ ಮನೆಗೆ ನಿನ್ನ ಫೋನಿನಿಂದಲೇ ಮಾತಾಡಿದೆ. ನಿನ್ನ ಅಮ್ಮ ಅತ್ತರಲ್ಲ, ಅಲ್ಲಿಗೆ ನನಗೆ ಸಾಕಾಯಿತು.”

ನಿಜವಾಗಿ ನೆಚ್ಚಬಹುದಾದ ಗೆಳೆಯರು ಎಷ್ಟು ಎಂಬುದಕ್ಕೂ ಅಣ್ಣ ಒಂದು ಲೆಕ್ಕ ಹೇಳಿದರು. ಬ್ರಿಟನ್ನಿನ ರಾಬಿನ್ ಡನ್‌ಬಾರ್ ಎಂಬ ವಿಜ್ಞಾನಿ ಮನುಷ್ಯನೊಬ್ಬ ನಿಭಾಯಿಸಬಲ್ಲ ನಂಟು ಸುಮಾರು 150 ಎಂದು ಲೆಕ್ಕ ಹಾಕಿದವರು. 2016ರಲ್ಲಿ ಅವರು ಮೂರು ಸಾವಿರಕ್ಕೂ ಹೆಚ್ಚು ಜನರ ಉತ್ತರಗಳನ್ನು ಪರಿಶೀಲಿಸಿ, ಫೇಸ್‌ಬುಕ್ ಬಂದ ಮೇಲೆ ಆ ಮಿತಿ ಹಿಗ್ಗಿದೆಯೇ ಎಂದು ನೋಡಿದರು. ಹಿಗ್ಗಿರಲಿಲ್ಲ. ನಿಜವಾದ ಕಷ್ಟ ಬಂದರೆ ಎಷ್ಟು ಜನರ ಬಳಿ ಹೋಗಬಲ್ಲಿರಿ ಎಂಬ ಪ್ರಶ್ನೆಗೆ ಜನ ಹೇಳಿದ್ದು ಸರಾಸರಿ ನಾಲ್ಕು. ಫೇಸ್‌ಬುಕ್ ಒಬ್ಬರಿಗೆ 5,000 ಫ್ರೆಂಡ್‌ಗಳವರೆಗೆ ಜಾಗ ಕೊಡುತ್ತದೆ.

“ನಾಲ್ಕಾ?” ಹುಡುಗ ಬೆರಳು ಮಡಚಿದ. “ಅಮ್ಮ, ತಮ್ಮ, ನೀವಿಬ್ಬರು.”

ವಾಪಸ್ ಬರುವಾಗ ಬಕಾಲ ಎಂಬ ಕಿರಾಣಿ ಅಂಗಡಿಯಲ್ಲಿ ಮೊಸರು ಕೊಂಡರು. ಮನೆಗೆ ಬಂದ ಮೇಲೆ ಅಕ್ಕ ಇನ್ನೊಂದು ಕೆಲಸ ಮಾಡಿಸಿದರು. ಹುಡುಗನ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡರಲ್ಲೂ ಹುಡುಕಿಸಿದರು. ಅದೇ ಹೆಸರಿನ ಮೂವತ್ತಕ್ಕೂ ಹೆಚ್ಚು ಜನ ಬಂದರು. ಒಂದೊಂದೇ ನೋಡುತ್ತ ಹೋದಾಗ ಹನ್ನೆರಡನೆಯದರಲ್ಲಿ ಅವನ ಮುಖವೇ ಇತ್ತು. ನಕಲಿಯಲ್ಲ, ಐಟಿಐ ಓದುವಾಗ ಅವನೇ ತೆರೆದು ಪಾಸ್‌ವರ್ಡ್ ಮರೆತ ಖಾತೆ. ಅವ್ವನ ಜೊತೆಗಿನ ಫೋಟೋ, ಊರಿನ ವಿಳಾಸ, ಹುಟ್ಟಿದ ದಿನ, ಚುನಾವಣೆಯ ಹೊತ್ತಿನಲ್ಲಿ ಹಂಚಿಕೊಂಡ ಒಂದೆರಡು ಬಿರುಸು ಮಾತು, ಎಲ್ಲ ಬಾಗಿಲು ತೆರೆದಿಟ್ಟ ಮನೆಯ ಹಾಗೆ. ಇನ್ನೊಬ್ಬ ಅವನನ್ನು ಹೊಸದಾಗಿ ತಯಾರಿಸಲು ಬೇಕಾದ ಸಾಮಾನೆಲ್ಲ ಅಲ್ಲಿತ್ತು. ಹಳೆಯ ಈಮೇಲ್ ಹುಡುಕಿ, ಅದಕ್ಕೆ ಬಂದ ಕೋಡ್ ಹಾಕಿ, ಖಾತೆ ವಶಕ್ಕೆ ತಂದು ಮುಚ್ಚುವಷ್ಟರಲ್ಲಿ ನಲವತ್ತು ನಿಮಿಷ ಹಿಡಿಯಿತು.

ಅದಾದ ಮೇಲೆ ಅವನು ಅದೇ ಕನ್ನಡ ಗ್ರೂಪಿಗೆ ಹೋಗಿ, ಮೈಸೂರಿನ ಆ ಹುಡುಗಿಯ ಹೆಸರು ಹಾಕಿ, ತನಗೆ ಏನಾಯಿತೆಂದು ನಾಚಿಕೆ ಬಿಟ್ಟು ಬರೆದ. ಆ ಹನ್ನೊಂದು ಜನರಲ್ಲಿ ಮೂವರು ರಾತ್ರಿಯೇ ಇನ್‌ಬಾಕ್ಸ್‌ಗೆ ಬಂದರು. ಇಬ್ಬರು ಇನ್ನೂ ದುಡ್ಡು ಕಟ್ಟಿರಲಿಲ್ಲ.

ಮಗನೋ ಗಂಡನೋ ಅಕ್ಕನೋ ಹೊರದೇಶದಲ್ಲಿ ಇರುವ ಮನೆಯವರು ಇದನ್ನು ಓದುತ್ತಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಅವರ ಹೆಸರು ಹಾಕಿ ಹುಡುಕಿ ನೋಡಿ. ಅವರದಲ್ಲದ ಖಾತೆಯಲ್ಲಿ ಅವರ ಮುಖ ಕಂಡರೆ ಮೊದಲು ಆ ಪುಟದ ಸ್ಕ್ರೀನ್‌ಶಾಟ್, ಲಿಂಕ್ ತೆಗೆದಿಟ್ಟುಕೊಳ್ಳಿ, ಆಮೇಲೆ ಅವರ ಕೈಯಿಂದಲೇ ಕಂಪನಿಗೆ ದೂರು ಕೊಡಿಸಿ. ಭಾರತದ 2021ರ ಐಟಿ ನಿಯಮಗಳ ಪ್ರಕಾರ, ತನ್ನ ಹೆಸರಿನಲ್ಲಿ ಬೇರೆಯವರು ನಟಿಸುತ್ತಿದ್ದಾರೆ ಎಂದು ಆ ವ್ಯಕ್ತಿ ದೂರು ಕೊಟ್ಟರೆ ನಿಗದಿತ ಗಂಟೆಗಳೊಳಗೆ ಕಂಪನಿ ಕ್ರಮ ಕೈಗೊಳ್ಳಬೇಕು. ಊರಿನ ಸೈಬರ್ ಠಾಣೆಯಲ್ಲೂ ದೂರು ದಾಖಲಿಸಿ, ಅದರ ಪ್ರತಿಯನ್ನು ಹೊರದೇಶದಲ್ಲಿರುವವರ ಕೈಗೆ ತಲುಪಿಸಿ. ಹೆಸರು ಕದ್ದವರಿಗೂ, ಬೇರೆಯವರಂತೆ ನಟಿಸಿ ವಂಚಿಸಿದವರಿಗೂ ಐಟಿ ಕಾಯ್ದೆಯ 66ಸಿ, 66ಡಿ ಕಲಮುಗಳಲ್ಲಿ ಮೂರು ವರ್ಷದವರೆಗೆ ಶಿಕ್ಷೆಯಿದೆ. ದುಡ್ಡು ಹೋಗಿದ್ದರೆ ಕರೆ ಮಾಡಬೇಕಾದ ಸಂಖ್ಯೆ 1930.